ಹೂವಿನ ಹಿಪ್ಪರಗಿ: ಬಡಿಗೇರ ಪಡಸಾಲೆಯ ಕಾರ್ಖಾನೆ

ಬಸವನ ಬಾಗೇವಾಡಿ ಬಿಟ್ಟು ಹೂವಿನ ಹಿಪ್ಪರಗಿಯ ದಾರಿ ಹಿಡಿದರೆ ಎರಡೂ ಬದಿಗೆ ಕಾಣುವುದು ಎರೆ ಹೊಲ, ಬದುವಿನ ಮೇಲೆ ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ವಿಜಯಪುರ ಜಿಲ್ಲೆಯ ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಅಷ್ಟೆ. ಸಾಗವಾನಿ ಬೆಳೆಯುವ ಕಾಡು ನೋಡಬೇಕೆಂದರೆ ದಾಂಡೇಲಿ, ಹಳಿಯಾಳದ ಕಡೆಗೆ ಹೋಗಬೇಕು. (ಇದೇ ಸೀಮೆಯಲ್ಲಿ ದೇವರ ಹಿಪ್ಪರಗಿ ಎಂಬ ಇನ್ನೊಂದು ಊರೂ ಇದೆ. ಹೊಸಬರು ಬಸ್ಸಿನ ಬೋರ್ಡನ್ನು ಪೂರ್ತಿ ಓದಿ ಹತ್ತುವುದು ಒಳ್ಳೆಯದು.)

ಕಾಡಿಲ್ಲದ ಇಂಥ ನಾಡಿನಲ್ಲಿ ಬಡಿಗತನ ಹೇಗೆ ನಿಂತಿತು ಎಂಬ ಪ್ರಶ್ನೆ ಸಹಜ. ಉತ್ತರ ಬದುವಿನ ಮೇಲೆಯೇ ಇದೆ. ಜಾಲಿಯ ಮುಳ್ಳನ್ನು ಎಲ್ಲರೂ ಬೈಯುತ್ತಾರೆ, ಆದರೆ ಈ ಸೀಮೆಯ ಬೇಸಾಯ ನೂರಾರು ವರ್ಷ ನಡೆದದ್ದು ಅದೇ ಜಾಲಿಯ ಮೇಲೆ. ಒಂದು ಘನ ಮೀಟರ್ ಒಣ ಸಾಗವಾನಿ ಸುಮಾರು 650 ಕಿಲೋ ತೂಗಿದರೆ, ಅಷ್ಟೇ ಜಾಲಿ ಸುಮಾರು 800 ಕಿಲೋ ತೂಗುತ್ತದೆ. ಗಟ್ಟಿ, ಜಗ್ಗದು, ಪೆಟ್ಟು ತಿಂದರೂ ಬೇಗ ಸೀಳದು. ಗಾಲಿ, ನೊಗ, ಕೂರಿಗೆಯ ದಿಂಡು ಇವೆಲ್ಲಕ್ಕೂ ಅದೇ ಬೇಕು. ಬಾಗಿಲ ಚೌಕಟ್ಟಿಗೆ ಬೇವು, ಏಕೆಂದರೆ ಹುಳ ಅದರ ಹತ್ತಿರ ಸುಳಿಯುವುದು ಕಡಿಮೆ. ಸಾಗವಾನಿ ಶ್ರೀಮಂತರ ವಾಡೆಯ ಮರ.

ಇಲ್ಲಿನ ಬಡಿಗೇರ ಮನೆಗಳಲ್ಲಿ ಕಾರ್ಖಾನೆ ಬೇರೆ, ಮನೆ ಬೇರೆ ಎಂಬುದು ಹಿಂದೆ ಇರಲಿಲ್ಲ. ಪಡಸಾಲೆಯ ಒಂದು ಮೂಲೆ, ಅದರ ಮುಂದೆ ಬೇವಿನ ನೆರಳು ಅಥವಾ ತಗಡಿನ ಚಪ್ಪರ. ನೆಲದಲ್ಲಿ ಅರ್ಧ ಹೂತ ಒಂದು ದಪ್ಪ ಕೊರಡು. ಕಡಿಯುವುದು, ಕೆತ್ತುವುದು ಎಲ್ಲ ಅದರ ಮೇಲೆ. ಗೋಡೆಗೆ ಬಾಚಿ, ಗರಗಸ, ರಂದಾ. ಗೂಡಿನಲ್ಲಿ ಅಗಲ ಕಿರಿದಿನ ನಾಲ್ಕೈದು ಉಳಿ, ಕೊಡತಿ, ಬೈರಿಗೆ, ಅರ, ಸಾಣೆಕಲ್ಲು, ಗೆರೆ ಹೊಡೆಯಲು ಕೆಮ್ಮಣ್ಣಿನಲ್ಲಿ ಅದ್ದಿದ ದಾರ. ಇಷ್ಟೇ ಆಸ್ತಿ. ಮಹಾನವಮಿಯಲ್ಲಿ ಇವೆಲ್ಲಕ್ಕೂ ಪೂಜೆ.

ಇವುಗಳಲ್ಲಿ ಹಿರಿಯದು ಬಾಚಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬವರಿದ್ದರು. ಅವರ ಪತ್ನಿ ಕಾಳವ್ವೆ ವಚನಕಾರ್ತಿ. ಒಂದು ಆಯುಧದಿಂದಲೇ ಮನುಷ್ಯನನ್ನು ಗುರುತಿಸುತ್ತಿದ್ದ ಕಾಲ ಅದು. ಬಸವಣ್ಣನವರ ಹುಟ್ಟೂರಿನ ತಾಲ್ಲೂಕಿನಲ್ಲಿ ಈ ಹೆಸರನ್ನು ಮಕ್ಕಳು ಪಾಠದಲ್ಲಿ ಓದದಿದ್ದರೂ ಬಾಚಿಯನ್ನಂತೂ ನೋಡಿರುತ್ತಾರೆ. ಕೊಡಲಿಯ ಅಂಚು ಹಿಡಿಯ ಉದ್ದಕ್ಕೇ ನೆಟ್ಟಗೆ ಇರುತ್ತದೆ, ಬಾಚಿಯದು ಹಿಡಿಗೆ ಅಡ್ಡಲಾಗಿ. ಅದರಿಂದಾಗಿ ಕುಳಿತವನು ಮರವನ್ನು ಅಂಗಾಲಿನಿಂದ ಒತ್ತಿ ಹಿಡಿದು, ತನ್ನ ಕಡೆಗೇ ಸಣ್ಣ ಸಣ್ಣ ಚಕ್ಕೆ ಎಬ್ಬಿಸುತ್ತ ಬರಬಹುದು. ಪೆಟ್ಟಿನ ಲೆಕ್ಕ ತಪ್ಪಿದರೆ ಕಾಲಿನ ಬೆರಳಿಗೇ ಕುತ್ತು. ಅದಕ್ಕೇ ಮನೆಯ ಹುಡುಗನ ಕೈಗೆ ಬಾಚಿ ಕೊಡುವುದು ಎಲ್ಲಕ್ಕಿಂತ ಕೊನೆಗೆ.

ಹಳೆಯ ದೇಸಿ ಗರಗಸದ ಹಲ್ಲೂ ಹಿಡಿಯ ಕಡೆಗೆ ವಾಲಿರುತ್ತಿತ್ತು. ಎಳೆದಾಗ ಕೊಯ್ಯುವ ಗರಗಸ ಅದು. ಜಪಾನಿನಲ್ಲಿ ಇಂದಿಗೂ ಅಂಥದ್ದೇ ಬಳಕೆಯಲ್ಲಿದೆ. ಯುರೋಪಿನ ಮಾದರಿಯದು ಮುಂದಕ್ಕೆ ತಳ್ಳಿದಾಗ ಕೊಯ್ಯುತ್ತದೆ. ತೆಳ್ಳಗಿನ ತಗಡನ್ನು ತಳ್ಳಿದರೆ ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಒಂದು ಹಾಳೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು ತಳ್ಳಿ, ಆಮೇಲೆ ಎಳೆದು ನೋಡಿದರೆ ಯಾವ ವಿದ್ಯಾರ್ಥಿಗೂ ಇದು ತಿಳಿದೀತು.

ಇನ್ನು ಉಳಿ. ಲಾರಿಯ ಹಳೆಯ ಪಾಟಾ ತಂದು ಕಮ್ಮಾರನಿಂದ ಬಡಿಸಿಕೊಂಡ ಉಳಿಗೆ ಅಂಗಡಿಯ ಉಳಿ ಸಮವಲ್ಲ ಎನ್ನುವವರು ಈಗಲೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಪಾಟಾದ ಉಕ್ಕಿನಲ್ಲಿ ಇಂಗಾಲದ ಅಂಶ ಸಾಕಷ್ಟಿರುತ್ತದೆ. ಕೆಂಪಗೆ ಕಾಯಿಸಿ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಆದರೆ ಗಾಜಿನಂತೆಯೇ ಸಿಡಿಯುತ್ತದೆ. ಆದ್ದರಿಂದ ಮತ್ತೊಮ್ಮೆ ಹದವಾಗಿ ಕಾಯಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಅಂಚಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಕಂಡರೆ ಶಾಖ ಸುಮಾರು 230 ಡಿಗ್ರಿ ಸೆಲ್ಸಿಯಸ್ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಬಣ್ಣವೇ ಥರ್ಮಾಮೀಟರು.

ಮರವನ್ನು ಹದ ಮಾಡುವುದು ಇದಕ್ಕಿಂತ ನಿಧಾನದ ಕೆಲಸ. ಕಡಿದ ಜಾಲಿಯ ದಿಮ್ಮಿಯನ್ನು ಹಳ್ಳದಲ್ಲೋ ಕೆರೆಯ ಕೆಸರಿನಲ್ಲೋ ತಿಂಗಳುಗಟ್ಟಲೆ ಮುಳುಗಿಸಿಡುವುದುಂಟು. ನೀರಲ್ಲಿಟ್ಟು ಮರ ಒಣಗಿಸುತ್ತಾರೆಯೇ ಎಂದು ಮಕ್ಕಳು ನಗಬಹುದು. ಮರದ ಹೊರಪದರದಲ್ಲಿರುವ ಪಿಷ್ಟ ಮತ್ತು ಸಕ್ಕರೆಯ ಅಂಶ ನೀರಿನಲ್ಲಿ ಕಳೆದುಹೋಗುತ್ತದೆ. ಅದನ್ನು ತಿನ್ನಲೆಂದೇ ಬರುವ ಕೊರೆಹುಳಕ್ಕೆ ಆಮೇಲೆ ಅಲ್ಲಿ ಊಟವಿಲ್ಲ. ನಂತರ ನೆರಳಿನಲ್ಲಿ ಆರಬೇಕು, ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಮರ ಎಲ್ಲ ಕಡೆಗೂ ಒಂದೇ ಸಮನೆ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೆಯೋ ಅದರ ಸುಮಾರು ಎರಡು ಪಟ್ಟು ಉಂಗುರಗಳ ಗುಂಟ ಕುಗ್ಗುತ್ತದೆ. ಹಸಿ ಹಲಗೆ ಬಟ್ಟಲಾಗುವುದು, ದಿಮ್ಮಿ ಸೀಳುವುದು ಇದರಿಂದಲೇ. ಹೊರಗೆ ಹೊಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಒಳಗೆ ಪಡಸಾಲೆಯಲ್ಲಿ ಮರವೂ ತನ್ನ ಮಟ್ಟಿಗೆ ಅದನ್ನೇ ಮಾಡುತ್ತಿರುತ್ತದೆ.

ಮುತ್ಯಾ ಮೊಮ್ಮಗನಿಗೆ ಹೇಳುವ ಮೊದಲ ಪಾಠ ಅಳತೆಯದಲ್ಲ. “ನಾರು ಯಾ ಕಡಿ ಓಡ್ಯಾವ ಮೊದಲ ನೋಡು ತಮ್ಮಾ, ಆಮ್ಯಾಲೆ ರಂದಾ ಹಿಡಿ.” ನಾರು ಏರುವ ಕಡೆಗೆ ರಂದಾ ಹೊಡೆದರೆ ಹಲಗೆ ನುಣುಪಾಗುತ್ತದೆ, ಎದುರಾಗಿ ಹೊಡೆದರೆ ಕಿತ್ತು ಬರುತ್ತದೆ. ಅಳತೆಯ ಪಾಠ ಎರಡನೆಯದು, ಅಲ್ಲಿ ಶಾಲೆಯ ಹುಡುಗ ಸ್ವಲ್ಪ ತಬ್ಬಿಬ್ಬಾಗುತ್ತಾನೆ. ಶಾಲೆಯಲ್ಲಿ ಮಿಲಿಮೀಟರ್, ಇಲ್ಲಿ ಸೂತು. ಒಂದು ಇಂಚಿಗೆ ಎಂಟು ಸೂತು. ಮೂರು ಫೂಟು ಎರಡು ಇಂಚು ಐದು ಸೂತು ಎಂದರೆ ಎಷ್ಟು ಸೆಂಟಿಮೀಟರ್? 98.1 ಬಂದರೆ ಲೆಕ್ಕ ಸರಿ. ಚೌಕಟ್ಟು ಮೂಲೆಮಟ್ಟವಾಗಿದೆಯೇ ಎಂದು ನೋಡಲು ಕರ್ಣಗಳೆರಡನ್ನೂ ದಾರದಿಂದ ಅಳೆಯುತ್ತಾರೆ. ಸಮ ಬಂದರೆ ಮೂಲೆ ಸರಿ. ಪ್ರಮೇಯದ ಹೆಸರು ಗೊತ್ತಿಲ್ಲದ ಕೈಗಳಿಗೂ ಅದರ ಉಪಯೋಗ ಗೊತ್ತು.

ಬಡಿಗೇರ ನಿಜವಾದ ಪರೀಕ್ಷೆ ಚಕ್ಕಡಿಯ ಗಾಲಿ. ನಡುವೆ ಗಡ್ಡೆ, ಅದರಿಂದ ಹೊರಡುವ ಹನ್ನೆರಡು ಅರೆ, ಹೊರಗೆ ಆರು ತುಂಡುಗಳು ಸೇರಿ ಆದ ಬಳೆ, ಒಂದೊಂದು ತುಂಡಿಗೆ ಎರಡೆರಡು ಅರೆ. ಮೊಳೆ ಇಲ್ಲ, ಅಂಟು ಇಲ್ಲ. ಇಡೀ ಗಾಲಿಯನ್ನು ಬಿಗಿ ಹಿಡಿಯುವುದು ಕಬ್ಬಿಣದ ಹಳಿ. ಅದನ್ನು ಬೇಕೆಂದೇ ಮರದ ಬಳೆಗಿಂತ ತುಸು ಚಿಕ್ಕದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುತ್ತಾರೆ. ಕಬ್ಬಿಣ ಒಂದು ಡಿಗ್ರಿಗೆ ತನ್ನ ಉದ್ದದ 0.000012 ಭಾಗ ಹಿಗ್ಗುತ್ತದೆ. ಗಾಲಿಯ ಸುತ್ತಳತೆ 440 ಸೆಂಟಿಮೀಟರ್, ಶಾಖದ ಏರಿಕೆ 500 ಡಿಗ್ರಿ ಎಂದುಕೊಂಡರೆ ಹಿಗ್ಗುವುದು ಸುಮಾರು 2.6 ಸೆಂಟಿಮೀಟರ್. ಹಳಿಯನ್ನು ಎಷ್ಟು ಚಿಕ್ಕದು ಮಾಡಬೇಕೆಂಬ ಗುಟ್ಟು ಈ ಅಂಕಿಯ ಒಳಗೇ ಇದೆ. ಹೆಚ್ಚು ಚಿಕ್ಕದಾದರೆ ತೊಡಿಸಲಾಗದು, ಅಥವಾ ತಣಿದಾಗ ಅರೆಗಳನ್ನೇ ಮುರಿದೀತು. ಕಡಿಮೆಯಾದರೆ ಬೇಸಿಗೆಯಲ್ಲಿ ಮರ ಕುಗ್ಗಿ ಹಳಿ ಕಳಚೀತು.

ಕೂರಿಗೆಯೂ ಅಷ್ಟೇ ಸೂಕ್ಷ್ಮ. ಹಿಂಗಾರಿ ಜೋಳಕ್ಕೆ ಸಾಲಿನಿಂದ ಸಾಲಿಗೆ ಒಂದೂವರೆ ಫೂಟು ಅಂತರ; ದಿಂಡಿನಲ್ಲಿ ತಾಳುಗಳನ್ನು ಕೂರಿಸುವ ತೂತು ಒಂದೆರಡು ಸೂತು ತಪ್ಪಿದರೂ ಆಮೇಲೆ ಎಡೆಕುಂಟಿ ಹೊಡೆಯುವಾಗ ಬೆಳೆಯೇ ಕಿತ್ತು ಬರುತ್ತದೆ. ಮೇಲಿನ ಬಟ್ಟಲಿನ ತೂತುಗಳು ಒಂದಕ್ಕೊಂದು ಸಮ ದೂರದಲ್ಲಿರಬೇಕು, ಇಲ್ಲವಾದರೆ ಒಂದು ಸಾಲಿಗೆ ಕಾಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಮೂರು ತಾಳಿನ ಬಟ್ಟಲಿಗೆ ವೃತ್ತ ಎಳೆದು, ಅದೇ ತ್ರಿಜ್ಯದಿಂದ ಸುತ್ತಲೂ ಗುರುತು ಮಾಡುತ್ತ ಹೋದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ಒಂದು ಬಿಟ್ಟು ಒಂದನ್ನು ಹಿಡಿದರೆ ಮೂರು. ಈ ದೇಸಿ ಕೂರಿಗೆಯನ್ನು ದಕ್ಷಿಣ ಭಾರತದಲ್ಲಿ ಕಂಡು ಬೆರಗಾದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ 18ನೆಯ ಶತಮಾನದ ಕೊನೆಯಲ್ಲಿ ಅದರ ವಿವರ ಬರೆದು ಇಂಗ್ಲೆಂಡಿಗೆ ಕಳಿಸಿದ. ಕೂರಿಗೆ ಆಧುನಿಕ ಯುರೋಪಿನದೇ ಹೊಸ ಶೋಧ ಎಂದು ಅದುವರೆಗೆ ಅವನು ನಂಬಿದ್ದ. ಆ ಬರಹವನ್ನು ಧರ್ಮಪಾಲರು 1971ರ ತಮ್ಮ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು.

ಇಷ್ಟೆಲ್ಲ ಕೆಲಸಕ್ಕೆ ಸಿಗುತ್ತಿದ್ದುದು ಆಯ. ವರ್ಷವಿಡೀ ರೈತನ ಕುಂಟಿ, ಕೂರಿಗೆ ರಿಪೇರಿ ಮಾಡಿಕೊಟ್ಟರೆ ರಾಶಿಯ ಕಾಲದಲ್ಲಿ ಕಣದಲ್ಲಿ ಜೋಳ. ಡೋಣಿ ಸೀಮೆಯ ಎರೆ ಬೆಳೆದ ವರ್ಷ ಬಡಿಗೇರ ಮನೆಯೂ ತುಂಬುತ್ತಿತ್ತು, ಮಳೆ ಕೈಕೊಟ್ಟ ವರ್ಷ ಇಬ್ಬರೂ ಬರಿಗೈ. ಟ್ರ್ಯಾಕ್ಟರ್ ಬಂದಮೇಲೆ ಕಬ್ಬಿಣದ ಕೂರಿಗೆ, ರಬ್ಬರಿನ ಗಾಲಿ ಬಂದವು. ಎತ್ತು ಕಡಿಮೆಯಾದವು, ಅವುಗಳ ಜೊತೆ ನೊಗವೂ ಹೋಯಿತು. ಮಾಳಿಗೆ ಮನೆಯ ಜಾಗದಲ್ಲಿ ಆರ್‌ಸಿಸಿ ಬಂದಾಗ ತೊಲೆ, ಜಂತಿ, ಕಂಬದ ಕೆಲಸವೂ ನಿಂತಿತು. ಇದನ್ನು ಬರೀ ದುಃಖದ ಕತೆಯಾಗಿ ಹೇಳುವುದು ಸರಿಯಲ್ಲ. ಆಯದ ಜೋಳಕ್ಕಾಗಿ ಕಣದಿಂದ ಕಣಕ್ಕೆ ಅಲೆಯುವ ಪಾಡು ತಪ್ಪಿ, ಕೈಗೆ ರೊಕ್ಕ ಬಂದದ್ದೂ ಆಗಲೇ.

ಈಗ ಚಪ್ಪರದ ಕೆಳಗೆ ವಿದ್ಯುತ್ ರಂದಾ, ಡ್ರಿಲ್, ದುಂಡು ಗರಗಸದ ಮೇಜು ಕಾಣಸಿಗುತ್ತವೆ. ಕೆಲಸ ಬಾಗಿಲು, ಚೌಕಟ್ಟು, ಪ್ಲೈವುಡ್ ಕಪಾಟುಗಳದು. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ನಡುಹರಯಕ್ಕೇ ಸೊಂಟ ಹಿಡಿದುಕೊಳ್ಳುವುದೂ ಕಡಿಮೆ. ಆದರೆ ಎರಡು ಮಾತು ತಂದೆತಾಯಿಗಳು ಗಮನಿಸಬೇಕು. ದುಂಡು ಗರಗಸ ಗಂಟು ಸಿಕ್ಕಿದಾಗ ಹಲಗೆಯನ್ನು ಹಿಂದಕ್ಕೆ ಎಸೆಯುತ್ತದೆ. ಅದರ ಮೇಲಿನ ರಕ್ಷಣೆಯ ಕವಚವನ್ನು ಅವಸರಕ್ಕೆ ಬಿಚ್ಚಿಡುವುದು ಎಲ್ಲ ಊರಿನಲ್ಲೂ ಇರುವ ಚಾಳಿ. ಇನ್ನೊಂದು, ಕಣ್ಣಿಗೆ ಕಾಣದ ಧೂಳು. ಬಾಚಿ ಎಬ್ಬಿಸುವುದು ಚಕ್ಕೆ, ಯಂತ್ರ ಎಬ್ಬಿಸುವುದು ನುಣ್ಣನೆಯ ಪುಡಿ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಹೇಳಿದೆ. ಪಡಸಾಲೆಯಲ್ಲೇ ಯಂತ್ರ ಇರುವ ಮನೆಯಲ್ಲಿ ಆ ಪುಡಿ ತೊಟ್ಟಿಲವರೆಗೂ ಹೋಗುತ್ತದೆ. ಯಂತ್ರವನ್ನು ಹೊರಗಿನ ಚಪ್ಪರಕ್ಕೆ ಸಾಗಿಸುವುದು, ಮೂಗಿಗೆ ಮಾಸ್ಕ್ ಕಟ್ಟುವುದು ದೊಡ್ಡ ಖರ್ಚಿನ ಮಾತಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸೇರಿದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಅದರಲ್ಲಿವೆ. ಐಟಿಐಗಳಲ್ಲಿ ಕಾರ್ಪೆಂಟರ್ ಟ್ರೇಡ್ ಒಂದು ವರ್ಷದ್ದು, ಎಂಟನೆಯ ತರಗತಿ ಪಾಸಾದವರೂ ಸೇರಬಹುದು. ಯಂತ್ರ ನಡೆಸುವುದನ್ನು ಅಲ್ಲಿ ಕಲಿಯಬಹುದು. ಆದರೆ ಬದುವಿನ ಜಾಲಿಯಲ್ಲಿ ಯಾವ ಬಾಗಿದ ಕೊಂಬೆ ಗಾಲಿಯ ಬಳೆಗೆ ಆದೀತು, ಯಾವುದು ಬರೀ ಉರುವಲು ಎಂದು ನಿಂತಲ್ಲೇ ಹೇಳಬಲ್ಲ ಕಣ್ಣು ಯಾವ ಪುಸ್ತಕದಲ್ಲೂ ಇಳಿದಿಲ್ಲ. ಅದಿರುವುದು ಎಪ್ಪತ್ತು ದಾಟಿದ ಮುತ್ಯಾಗಳ ಹತ್ತಿರ. ಎಸ್ಸೆಸ್ಸೆಲ್ಸಿಯ ಹುಡುಗರು ಅವರ ಬಳಿ ಕೂರುವುದು ರಜೆಯ ದಿನ ಮಾತ್ರ, ಅದೂ ಟ್ಯೂಷನ್ ಇಲ್ಲದಿದ್ದರೆ. ಜಾಲಿ ಕಡಿಯುವವರು ಮಾತ್ರ ಈಗಲೂ ಬರುತ್ತಾರೆ. ತುಂಡುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಇಟ್ಟಿಗೆ ಭಟ್ಟಿಯ ಕಡೆಗೆ ಹೋಗುತ್ತಾರೆ.