ಹವಳಕ್ಕೆ ಬೆಳಕು ರೂಢಿಯಾಗುವ ತನಕ

ಹವಳ ಎಂದರೆ ಕನ್ನಡನಾಡಿನಲ್ಲಿ ಹೆಚ್ಚು ಮಂದಿಗೆ ನೆನಪಾಗುವುದು ಅಜ್ಜಿಯ ಕೊರಳಿನ ಸರ. ಇಲ್ಲವೇ ಕುಜದೋಷಕ್ಕೆಂದು ಮಾಡಿಸಿಕೊಂಡ ಉಂಗುರ. ಅಮೆರಿಕ, ಜರ್ಮನಿ, ಜಪಾನುಗಳ ಎಷ್ಟೋ ಮನೆಗಳಲ್ಲಿ ಅದಕ್ಕೆ ಬೇರೆಯೇ ಜಾಗವಿದೆ. ಅಲ್ಲಿ ಹವಳ ನಡುಮನೆಯ ಗಾಜಿನ ತೊಟ್ಟಿಯಲ್ಲಿ, ಉಪ್ಪುನೀರಿನಲ್ಲಿ ಜೀವಂತವಾಗಿರುತ್ತದೆ. ಮೀನು ಸಾಕಿದ ಹಾಗೆ ಹವಳ ಸಾಕುತ್ತಾರೆ. ಸಾಕುವವರಲ್ಲಿ ಶಾಲೆಯ ಮಕ್ಕಳೂ ಉಂಟು, ನಿವೃತ್ತರೂ ಉಂಟು. ಹೊಸ ಹವಳ ಮನೆಗೆ ಬಂದ ದಿನ ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಇದಕ್ಕೆ ಬೆಳಕು ಎಷ್ಟು ಕೊಡಬೇಕು?

ಪ್ರಶ್ನೆ ಸಣ್ಣದಲ್ಲ. ನೋಡಲು ಗಿಡದಂತೆ, ಮುಟ್ಟಲು ಕಲ್ಲಿನಂತೆ ಇರುವ ಹವಳ ವಾಸ್ತವದಲ್ಲಿ ಪ್ರಾಣಿ. ಅದರ ತೆಳು ಮಾಂಸದೊಳಗೆ ಏಕಕೋಶದ ಪಾಚಿಗಳು ಲಕ್ಷಗಟ್ಟಲೆ ಒಕ್ಕಲಿರುತ್ತವೆ. ಬೆಳಕಿನಲ್ಲಿ ಅವು ಸಕ್ಕರೆ ತಯಾರಿಸಿ, ಅದರ ಬಹುಪಾಲನ್ನು ಮನೆ ಕೊಟ್ಟ ಧಣಿಗೇ ಒಪ್ಪಿಸುತ್ತವೆ. ಕೆಲವು ಹವಳಗಳಿಗೆ ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ಗೇಣಿಯಿಂದಲೇ ಬರುತ್ತದೆ. ಆದ್ದರಿಂದ ಹವಳಕ್ಕೆ ಬೆಳಕೆಂದರೆ ಅನ್ನ.

ಈ ಗುಟ್ಟನ್ನು ಮನೆಯ ತೊಟ್ಟಿಗೆ ಮೊದಲು ಇಳಿಸಿದವರಲ್ಲಿ ಇಂಡೊನೇಷ್ಯದ ಲೀ ಚಿನ್ ಎಂಗ್ ಒಬ್ಬರು. ಜಕಾರ್ತದಲ್ಲಿದ್ದ ಅವರು ಸಮುದ್ರದ ನೀರು, ಜೀವಿಗಳು ತುಂಬಿದ ಬಂಡೆಕಲ್ಲು, ಬಿಸಿಲು ಇವಿಷ್ಟರ ಬಲದ ಮೇಲೆ ಹವಳ ಸಾಕಿ, ಆ ವಿಧಾನವನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಜಕಾರ್ತದಲ್ಲಿ ಬಿಸಿಲಿಗೆ ಬರವಿಲ್ಲ. ಚಳಿಗಾಲದಲ್ಲಿ ಸೂರ್ಯನೇ ಅಪರೂಪವಾಗುವ ಬರ್ಲಿನ್ನಿನಲ್ಲಿ ಏನು ಮಾಡುವುದು? ಅಲ್ಲಿನ ಹವ್ಯಾಸಿಗಳು ಪ್ರಖರ ವಿದ್ಯುದ್ದೀಪಗಳ ಮೊರೆಹೊಕ್ಕರು. ಇಂದು ಆ ಜಾಗಕ್ಕೆ ಎಲ್‌ಇಡಿ ಬಂದಿದೆ. ಬೇಕೆಂದಷ್ಟು ಬೆಳಕು ಈಗ ಗುಂಡಿ ಒತ್ತಿದರೆ ಸಿಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ.

ಹೊಸಬ ಅಂಗಡಿಯಿಂದ ಹವಳ ತರುತ್ತಾನೆ. ಅಂಗಡಿಯಲ್ಲಿ ಅದು ಮಂದ ದೀಪದ ಕೆಳಗಿತ್ತು. ಅದಕ್ಕೂ ಮೊದಲು ಪ್ಲಾಸ್ಟಿಕ್ ಚೀಲದ ಕತ್ತಲಲ್ಲಿ ಒಂದೆರಡು ದಿನ ವಿಮಾನದಲ್ಲಿ ಬಂದಿತ್ತು. ಬಹಳ ದಣಿದಿದೆ, ಒಳ್ಳೆಯ ಬೆಳಕು ಉಣ್ಣಲಿ ಎಂಬ ಅಕ್ಕರೆಯಿಂದ ಅವನು ಅದನ್ನು ದೀಪದ ನೇರ ಕೆಳಗೆ, ಎಲ್ಲಕ್ಕೂ ಎತ್ತರದ ಕಲ್ಲಿನ ಮೇಲೆ ಕೂರಿಸುತ್ತಾನೆ. ಕೆಲವೇ ದಿನಗಳಲ್ಲಿ ಹವಳ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ.

ಆದದ್ದಿಷ್ಟು. ಮಂದ ಬೆಳಕಿನಲ್ಲಿದ್ದ ಪಾಚಿ, ಸಿಕ್ಕಿದ ಒಂದೊಂದು ಕಿರಣವನ್ನೂ ಹಿಡಿಯಲೆಂದು ಮೈತುಂಬ ಪತ್ರಹರಿತ್ತು ಬೆಳೆಸಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ಪ್ರಖರ ದೀಪದಡಿ ಇಟ್ಟರೆ, ತೂಬು ಮುಚ್ಚಿದ ಕೆರೆಗೆ ಹೊಳೆಯೇ ನುಗ್ಗಿದ ಹಾಗೆ, ಬರುವ ಶಕ್ತಿ ಬಳಸಿ ಮುಗಿಸಲಾರದಷ್ಟಾಗುತ್ತದೆ. ಮಿಕ್ಕ ಶಕ್ತಿ ಆಮ್ಲಜನಕವನ್ನು ಜೀವಕೋಶಗಳಿಗೆ ವಿಷವಾಗುವ ರೂಪಕ್ಕೆ ತಿರುಗಿಸುತ್ತದೆ. ತಾಳಲಾರದೆ ಹವಳ ತನ್ನ ಒಕ್ಕಲನ್ನೇ ಹೊರಹಾಕುತ್ತದೆ. ಪಾಚಿಯ ಬಣ್ಣ ಹೋಗಿ, ಪಾರದರ್ಶಕ ಮಾಂಸದ ಅಡಿಯ ಬಿಳಿ ಅಸ್ಥಿಪಂಜರ ಕಾಣುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ; ಉಪವಾಸ ಬಿದ್ದಿರುತ್ತದೆ. ಬೇಗ ನೆರಳಿಗೆ ಸರಿಸಿದರೆ ಪಾಚಿ ಮತ್ತೆ ತುಂಬಿಕೊಂಡು ಚೇತರಿಸಿಕೊಳ್ಳಲೂಬಹುದು.

ಹಾಗಾದರೆ ಬಲ್ಲವರು ಏನು ಮಾಡುತ್ತಾರೆ? ಹವಳ ಇದುವರೆಗೆ ಎಂಥ ಬೆಳಕಿನಲ್ಲಿತ್ತು ಎಂದು ಮೊದಲು ಅಂಗಡಿಯವನನ್ನು ಕೇಳುತ್ತಾರೆ. ಗಿಡ ಮತ್ತು ಪಾಚಿಗಳು ಬಳಸಬಲ್ಲ ಬೆಳಕನ್ನು ಅಳೆಯಲು ಒಂದು ಮಾಪಕವಿದೆ. ಉಷ್ಣವಲಯದ ಸಮುದ್ರದ ಮೇಲೆ ನಡುಮಧ್ಯಾಹ್ನ ಅದು ಸುಮಾರು 2,000 ತೋರಿಸುತ್ತದೆ. ತೊಟ್ಟಿಯ ಅಣಬೆ ಹವಳಕ್ಕೆ 50ರಿಂದ 100 ಸಾಕು. ಕವಲು ಕವಲಾಗಿ ಬೆಳೆಯುವ ಅಕ್ರೊಪೊರಕ್ಕೆ 200ರಿಂದ 350ರವರೆಗೆ ಬೇಕು. ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ನೀಲಿ ದೀಪ ಮನುಷ್ಯನ ಕಣ್ಣಿಗೆ ಮಂಕು. ಪಾಚಿಗಾದರೋ ಅದೇ ಮೃಷ್ಟಾನ್ನ.

ಆಮೇಲಿನದು ಸಾವಧಾನದ ಕೆಲಸ. ಹೊಸ ಹವಳವನ್ನು ತೊಟ್ಟಿಯ ತಳದಲ್ಲಿಟ್ಟು ಕೆಲವು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುವುದು ಒಂದು ಕ್ರಮ. ದೀಪವನ್ನೇ ಅರ್ಧಕ್ಕೆ ಇಳಿಸಿ ದಿನದಿನಕ್ಕೆ ಒಂದಿಷ್ಟೇ ಏರಿಸುವುದು ಇನ್ನೊಂದು. ದೀಪದ ಕೆಳಗೆ ನಾಲ್ಕಾರು ಪದರ ಬಲೆಬಟ್ಟೆ ಹಾಸಿ, ಎರಡು ಮೂರು ದಿನಕ್ಕೊಂದು ಪದರ ತೆಗೆಯುವುದು ಮತ್ತೊಂದು. ಯಾವುದನ್ನು ಹಿಡಿದರೂ ಅದೊಂದನ್ನೇ ಹಿಡಿಯಬೇಕು. ಬೆಳಗ್ಗೆ ಮೇಲೆ, ಸಂಜೆ ಕೆಳಗೆ ಎಂದು ಎತ್ತಾಡಬಾರದು.

ಗುಂಡಿ ಮುಟ್ಟದೆಯೂ ಬೆಳಕು ಬದಲಾಗುವುದುಂಟು. ಹಳೆಯ ಮಾದರಿಯ ಬಲ್ಬು ತಿಂಗಳು ಕಳೆದಂತೆ ಯಾರಿಗೂ ತಿಳಿಯದ ಹಾಗೆ ಸೊರಗುತ್ತದೆ. ಹವಳ ಅದಕ್ಕೆ ಒಗ್ಗಿರುತ್ತದೆ. ಹೊಸ ಬಲ್ಬು ಹಾಕಿದ ದಿನ ಹಳೆಯ ಹವಳವೂ ಹೊಸಬನಾಗುತ್ತದೆ. ಹಳದಿಗಟ್ಟಿದ ನೀರನ್ನು ಇದ್ದಿಲಿನಿಂದ ತಿಳಿಗೊಳಿಸಿದರೂ ಇದೇ ಕತೆ. ಒಳ್ಳೆಯದನ್ನೇ ಮಾಡಿದ್ದು, ಆದರೆ ಒಂದೇ ಏಟಿಗೆ ಮಾಡಿದ್ದು.

ಇದನ್ನೆಲ್ಲ ಮಲೆನಾಡಿನ ಅಡಕೆ ಬೆಳೆಗಾರನಿಗೆ ಹೇಳಿದರೆ ಆತ ನಕ್ಕಾನು. ಎಳೆಯ ಅಡಕೆ ಸಸಿಗೆ ಬಾಳೆಯ ನೆರಳು ಬೇಕೆಂಬುದು ಅವನಿಗೆ ಗೊತ್ತು. ನೈರುತ್ಯದ ಇಳಿಬಿಸಿಲು ಕಾಂಡವನ್ನು ಸುಡುತ್ತದೆಂದು ಸೋಗೆ ಕಟ್ಟುವುದೂ ಗೊತ್ತು. ಅವನ ಬಳಿ ಮಾಪಕವಿಲ್ಲ. ದಿನವೂ ತೋಟ ಸುತ್ತುವ ರೂಢಿಯಿದೆ. ಹವಳ ಸಾಕುವವರೂ ಕೊನೆಗೆ ನೆಚ್ಚುವುದು ಅದನ್ನೇ. ಬಣ್ಣ ತಿಳಿಯಾಗುತ್ತಿದ್ದರೆ, ಹವಳದ ಬಾಯಿಗಳು ಮುದುಡಿಕೊಂಡಿದ್ದರೆ ಬೆಳಕು ಹೆಚ್ಚಾಯಿತೆಂದು ಅರ್ಥ. ಮೈ ಕಂದುಗಟ್ಟಿದರೆ ಕಡಿಮೆಯಾಯಿತೆಂದು ಅರ್ಥ.

ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಊರಿನಿಂದ ಪಟ್ಟಣದ ಕಾಲೇಜಿಗೆ ಕಳಿಸುವ ತಂದೆತಾಯಿಯರು ಈ ತೊಟ್ಟಿಯನ್ನೊಮ್ಮೆ ನೋಡಬೇಕು. ಕನ್ನಡ ಮಾಧ್ಯಮದ ಹುಡುಗಿಗೆ ಅದೇ ಜೂನಿನಲ್ಲಿ ಇಂಗ್ಲಿಷ್ ಪಾಠ, ಹಾಸ್ಟೆಲ್ ಊಟ, ಬೆಳಗಿನ ಜಾವದ ಕೋಚಿಂಗ್, ಭಾನುವಾರದ ಟೆಸ್ಟು, ಎಲ್ಲವೂ ಒಟ್ಟಿಗೆ. ಯಾವುದೂ ಕೆಟ್ಟದ್ದಲ್ಲ. ಸಾಲ ಮಾಡಿ ಕೊಡಿಸಿದ ಬೆಳಕೇ. ಮೊದಲ ಪರೀಕ್ಷೆಯಲ್ಲಿ ಅಂಕ ಕುಸಿದರೆ ಮನೆಯಲ್ಲಿ ಎಲ್ಲರೂ ಹೌಹಾರುತ್ತಾರೆ. ಸಾಲದೆಂದು ಇನ್ನೊಂದು ಟ್ಯೂಷನ್ ಸೇರಿಸುತ್ತಾರೆ. ಬಿಳಿಚಿದ ಹವಳದ ಮೇಲೆ ಮತ್ತೊಂದು ದೀಪ ಹಚ್ಚಿದಂತೆ. ಆಗ ಬೇಕಾದದ್ದು ಒಂದು ಮೆಟ್ಟಿಲು ಕೆಳಗಿಳಿಸಿ ಉಸಿರಾಡಲು ಬಿಡುವುದು.

ಹಾಗೆಂದು ತಳದಲ್ಲೇ ಇಟ್ಟುಬಿಡುವುದೂ ಕರುಣೆಯಲ್ಲ. ಅಕ್ರೊಪೊರ ನೆರಳಿನಲ್ಲೇ ಉಳಿದರೆ ಬಣ್ಣಗೆಟ್ಟು, ಬೆಳವಣಿಗೆ ನಿಂತು, ನಿಧಾನವಾಗಿ ಸಾಯುತ್ತದೆ. ಅದರ ಜಾಗ ಮೇಲೆಯೇ. ತಲುಪಿಸುವ ಹದವಷ್ಟೇ ಸಾಕುವವರ ಕೈಯಲ್ಲಿರುವುದು.

ಕಡಲಿನಲ್ಲಾದರೆ ಆ ಕೈಯೂ ಇಲ್ಲ. ನೀರು ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ಉಳಿದರೆ, ನಿತ್ಯದ ಬಿಸಿಲೇ ಹವಳಕ್ಕೆ ಹೊರೆಯಾಗುತ್ತದೆ. 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಜಗತ್ತಿನ ಹವಳ ದಂಡೆಗಳು ಹೀಗೆ ಬಿಳಿಚಿದವು. ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. ಲಕ್ಷದ್ವೀಪವೂ ಪೆಟ್ಟು ತಿಂದಿದೆ. ಅಲ್ಲಿನ ಹವಳವನ್ನು ನೆರಳಿಗೆ ಸರಿಸುವವರು ಯಾರು?

ಭಾರತದಲ್ಲಿ ದಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಡಲಿನಿಂದ ಕಿತ್ತು ತರುವುದು ಅಪರಾಧ. ನೋಡುವ ಆಸೆಯುಳ್ಳವರು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗಿ ನೋಡಬಹುದು. ಕಚ್ಛ್ ಕೊಲ್ಲಿಯ ನರಾರಾದಲ್ಲಿ ಇಳಿತದ ಹೊತ್ತಿಗೆ ನಡೆದೇ ಹೋಗಿ ನೋಡಬಹುದು. ಗುಡ್ಡೆಯಂತೆ ಬೆಳೆಯುವ ಹವಳ ಅಲ್ಲಿ ಕಂಡರೆ ಅದರ ಎತ್ತರವನ್ನೊಮ್ಮೆ ಗಮನಿಸಬೇಕು. ಅಂಥದು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅಂಥ ಜೀವಿಯ ಸಲುವಾಗಿ ಮೂರು ವಾರ ಕಾಯುವುದು ದೊಡ್ಡ ಮಾತೇನಲ್ಲ.