ಕೀಬೋರ್ಡ್ ಮೇಲೆ ಕಬ್ಬಿನ ಹಾಲು

ನಮ್ಮೂರು ಚಿಕ್ಕರಸಿನಕೆರೆ, ಮದ್ದೂರು ತಾಲ್ಲೂಕು. ಕಾಲಭೈರವೇಶ್ವರನ ಬಸಪ್ಪನ ಊರು ಅಂದರೆ ಮಂಡ್ಯ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಕಡೆ ಕೆಲಸ ಮಾಡುತ್ತಿರುವವರಿಗೆ ಕುಡಿಯಲು ಏನಾದರೂ ತಂದುಕೊಡುವುದು ಉಪಚಾರವಲ್ಲ, ರೂಢಿ. ನಾಟಿ ಹಾಕುವವರಿಗೆ ಗದ್ದೆ ಬದುವಿಗೇ ಮಜ್ಜಿಗೆ ಬರುತ್ತದೆ. ಕಬ್ಬು ಕಡಿಯುವವರಿಗೆ ಕ್ಯಾನಿನಲ್ಲಿ ಟೀ ಹೋಗುತ್ತದೆ. ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಬರೆಯುವವನಿಗೂ ಅದೇ ನ್ಯಾಯ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಎಷ್ಟೋ ಲ್ಯಾಪ್‌ಟಾಪ್‌ಗಳು ಹೀಗೆ ಊರಿಗೆ ಬಂದವು. ಅದರಲ್ಲಿ ನನ್ನದೂ ಒಂದು. ನಮ್ಮದು ಸಣ್ಣ ಕಂಪನಿ, ಲ್ಯಾಪ್‌ಟಾಪ್ ಸ್ವಂತದ್ದು. ಈಗಲೂ ತಿಂಗಳಲ್ಲಿ ಹದಿನೈದು ದಿನ ಊರಲ್ಲೇ ಕೆಲಸ. ಆಫೀಸಿನಲ್ಲಾದರೆ ಮೇಜಿನ ಮೇಲೆ ಮುಚ್ಚಳದ ಬಾಟಲಿ ಇರುತ್ತದೆ. ಮನೆಯಲ್ಲಿ ಸ್ಟೀಲ್ ಲೋಟ. ಬಾಯಿ ಅಗಲ, ತಳ ಕಿರಿದು, ತುಂಬಿ ತುಳುಕುವಷ್ಟು ಕಾಫಿ. ಉರುಳೋಕೆ ಹೇಳಿ ಮಾಡಿಸಿದ್ದು.

ಚೆಲ್ಲಿದರೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳ್ತೀನಿ. ಸಾಮಾನ್ಯ ಲ್ಯಾಪ್‌ಟಾಪ್ ಕೀಲಿಗಳ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಎರಡು ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳು, ನಡುವೆ ತೂತುಗಳಿರುವ ಇನ್ನೊಂದು ಹಾಳೆ. ಕೀಲಿ ಒತ್ತಿದಾಗ ಆ ತೂತಿನ ಜಾಗದಲ್ಲಿ ಮೇಲಿನ ಗೆರೆ ಕೆಳಗಿನದಕ್ಕೆ ತಾಗಿ ಅಕ್ಷರ ಮೂಡುತ್ತದೆ. ಈ ಹಾಳೆಗಳ ಸಂದಿಗೆ ದ್ರವ ಇಳಿದರೆ, ನೀವು ಒತ್ತದಿದ್ದರೂ ಅಕ್ಷರ ಬರಬಹುದು, ಒತ್ತಿದರೂ ಬರದೇ ಇರಬಹುದು. ಇನ್ನೂ ಕೆಳಗೆ ಇಳಿದರೆ ಅಲ್ಲಿರೋದು ಮದರ್‌ಬೋರ್ಡ್ ಮತ್ತು ಬ್ಯಾಟರಿ.

ಯಾವುದು ಚೆಲ್ಲಿತು ಅನ್ನೋದೂ ಮುಖ್ಯ. ಬರೀ ನೀರಾದರೆ ಸ್ವಲ್ಪ ಅದೃಷ್ಟ ಇದೆ ಅನ್ನಬಹುದು; ಬೋರ್‌ವೆಲ್ ನೀರಾದರೆ ಅದರ ಲವಣ ಒಳಗೇ ಉಳಿಯುತ್ತದೆ. ಹಾಲು ಹಾಕಿದ ಕಾಫಿಯಲ್ಲಿ ಸಕ್ಕರೆ ಅಂಟಾಗುತ್ತದೆ, ಹಾಲು ಹುಳಿಯಾಗಿ ನಾಲ್ಕೇ ದಿನಕ್ಕೆ ವಾಸನೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಉಪ್ಪು ಹಾಕಿದ ಮಜ್ಜಿಗೆ. ಉಪ್ಪೂ ಇದೆ, ಹುಳಿಯೂ ಇದೆ, ತಾಮ್ರ ತಿನ್ನೋಕೆ ಇನ್ನೇನು ಬೇಕು?

ತಿಂಡಿಯೂ ಕಮ್ಮಿ ಇಲ್ಲ. ಮದ್ದೂರು ವಡೆ ಮುರಿದಾಗ ಉದುರುವ ಪುಡಿ ಎಲ್ಲಿ ಹೋಗುತ್ತದೆ ಅಂದುಕೊಂಡಿದ್ದೀರಿ? ಇದು ಬರೀ ನಮ್ಮಂಥವರ ಮನೆಯ ಪಾಡಲ್ಲ. ಆಪಲ್ 2015ರಲ್ಲಿ ತಂದ ತೆಳುವಾದ ಬಟರ್‌ಫ್ಲೈ ಕೀಬೋರ್ಡಿನಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಕೀಲಿ ಕೈಕೊಡುತ್ತಿತ್ತು. ಕೊನೆಗೆ 2018ರ ಜೂನ್‌ನಲ್ಲಿ ಕಂಪನಿಯೇ ಉಚಿತ ರಿಪೇರಿ ಯೋಜನೆ ಶುರು ಮಾಡಿತು. 2019ರ ನವೆಂಬರ್‌ನಲ್ಲಿ ಬಂದ 16 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ ಹಳೆಯ ಮಾದರಿಯ ಕೀಲಿಗಳಿಗೇ ವಾಪಸ್ಸಾಯಿತು. ಮನುಷ್ಯರು ತಿನ್ನೋದನ್ನು ಬಿಡಲಿಲ್ಲ, ಕೀಬೋರ್ಡೇ ಬದಲಾಯಿತು.

ನಮ್ಮ ಮನೆಯಲ್ಲಿ ಚೆಲ್ಲಿದ್ದು ಕಬ್ಬಿನ ಹಾಲು. 2025ರ ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಪಕ್ಕದ ಆಲೆಮನೆಯಿಂದ ಆಗತಾನೆ ಹಿಂಡಿದ್ದನ್ನು ಅವ್ವ ತಂದಿದ್ದಳು. ನಾನು ಮೀಟಿಂಗಿನಲ್ಲಿದ್ದೆ. ಲೋಟ ಕೊಡಲು ಬಗ್ಗಿದಾಗ ಸೆರಗು ಕುರ್ಚಿಯ ತೋಳಿಗೆ ಸಿಕ್ಕಿ ಕೈ ಜಗ್ಗಿತು. ಅರ್ಧ ಲೋಟ ಕೀಲಿಗಳ ಮೇಲೆ.

ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ, ಚಾರ್ಜರ್ ಕಿತ್ತೆ, ಲ್ಯಾಪ್‌ಟಾಪನ್ನು ಗುಡಾರದ ಹಾಗೆ ಬೋರಲು ಮಾಡಿ ಟವೆಲ್ ಮೇಲೆ ನಿಲ್ಲಿಸಿದೆ. ನಾನು ಬೈಯಲಿಲ್ಲ, ಅಪ್ಪನೂ ಏನೂ ಅನ್ನಲಿಲ್ಲ. ಅವ್ವ ಮಾತ್ರ ಖಾಲಿ ಲೋಟ ಹಿಡಿದುಕೊಂಡು ನಿಂತೇ ಇದ್ದಳು.

ಮಂಡ್ಯದ ರಿಪೇರಿ ಅಂಗಡಿಯವರು ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಉಳಿಸಿಕೊಟ್ಟರು. ಕೀಬೋರ್ಡ್ ಉಳಿಯಲಿಲ್ಲ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಕೀಬೋರ್ಡನ್ನು ಮೇಲ್ಕವಚಕ್ಕೇ ಸೇರಿಸಿಬಿಟ್ಟಿರುತ್ತಾರೆ. ಬದಲಿಸಬೇಕೆಂದರೆ ಇಡೀ ಮೇಲ್ಭಾಗ ಹೋಗಬೇಕು. ಬಿಲ್ಲು 8,500 ರೂಪಾಯಿ. ಸಾಮಾನ್ಯ ವಾರಂಟಿಯಲ್ಲಿ ದ್ರವ ಚೆಲ್ಲಿದ್ದಕ್ಕೆ ಪರಿಹಾರ ಇರೋದಿಲ್ಲ. ಅದಕ್ಕೆ ಬೇರೆಯೇ ದುಡ್ಡು ಕೊಟ್ಟು ಆಕಸ್ಮಿಕ ಹಾನಿಯ ರಕ್ಷಣೆ ತಗೊಂಡಿರಬೇಕು.

ಹೊಸ ಭಾಗ ಬರುವವರೆಗೆ ಹತ್ತು ದಿನ ಹಾಳಾದ ಕೀಲಿಗಳಲ್ಲೇ ಒದ್ದಾಡಿದೆ. ಸತ್ತಿದ್ದರಲ್ಲಿ ‘ಎಫ್’ ಕೂಡ ಒಂದು. ಕೆ. ಪಿ. ರಾವ್ ಅವರ ವಿನ್ಯಾಸ ಆಧರಿಸಿದ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸೋದು ಇದೇ ಕೀಲಿ. ಅದಿಲ್ಲದೆ ಅಪ್ಪ ‘ಅಪಪ’ ಆದ, ಅವ್ವ ‘ಅವವ’ ಆದಳು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟಾಯ್ತು ಮಗ?”

ಹೇಳಿದೆ. ಕೂಡಲೇ ಅವಳ ಲೆಕ್ಕ ಶುರುವಾಯಿತು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಇಳುವರಿಯ ಕಬ್ಬಿಗೆ ನಿಗದಿ ಮಾಡಿದ್ದ ಎಫ್‌ಆರ್‌ಪಿ ಟನ್ನಿಗೆ 3,400 ರೂಪಾಯಿ. “ಎರಡೂವರೆ ಟನ್ ಕಬ್ಬು ಓಯ್ತಲ್ಲಪ್ಪ” ಅಂದಳು. ಕಟಾವಿನ ಕೂಲಿ, ಸಾಗಣೆ ಕಳೆದರೆ ಕೈಗೆ ಬರೋದು ಇನ್ನೂ ಕಮ್ಮಿ ಅನ್ನೋದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ನನ್ನ ಸಂಬಳದಲ್ಲಿ ಅದು ದೊಡ್ಡ ಮೊತ್ತವಲ್ಲ ಅಂತ ಎಷ್ಟು ಹೇಳಿದರೂ ಕಬ್ಬಿನ ಲೆಕ್ಕವೇ ಗೆದ್ದಿತು.

ಮಾರನೇ ದಿನದಿಂದ ಕಾಫಿ ಬಾಗಿಲಲ್ಲೇ ನಿಲ್ಲತೊಡಗಿತು. ಹೊಸ್ತಿಲಾಚೆ ಒಂದು ಸ್ಟೂಲು, ಅದರ ಮೇಲೆ ಲೋಟ. “ಅಲ್ಲೇ ಮಡಗಿವ್ನಿ, ಬಂದು ಕುಡ್ಕೊ.” ನಾನು ಎದ್ದು ಹೋಗುವಷ್ಟರಲ್ಲಿ ಅವ್ವ ಒಳಗೆ. “ಪರವಾಗಿಲ್ಲ ಬಾ ಅವ್ವ” ಅಂದರೆ, “ಬ್ಯಾಡ ಕಣ್ಲಾ, ನನ್ ಕೈ ನೆಟ್ಟಗಿಲ್ಲ” ಅಂತ ಉತ್ತರ.

ನಮ್ಮವ್ವ ಯಾರಿಗೂ ಲೋಟ ಕೊಟ್ಟು ಹಾಗೇ ಹೋದವಳಲ್ಲ. ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿರುತ್ತಾಳೆ. ಊರಿನ ಸುದ್ದಿ, ಸಂಘದ ಸಾಲದ ಕಂತು, ಯಾರ ಗದ್ದೆಗೆ ಕಟಾವಿನ ಪಾಳಿ ಬಂತು, ಮಂಡಿ ನೋವು ಎಲ್ಲ ಬರೋದು ಆ ಐದು ನಿಮಿಷದಲ್ಲೇ. ಸುಮ್ಮನೆ ಕೂತು ‘ನನಗೆ ಹೀಗಾಗ್ತಿದೆ’ ಅಂತ ಹೇಳಿಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಲೋಟ ಹೊಸ್ತಿಲಾಚೆ ಹೋದಾಗ ಆ ಐದು ನಿಮಿಷವೂ ಹೋಯಿತು.

ಫೆಬ್ರುವರಿಯಲ್ಲಿ ಅಕ್ಕ ಫೋನ್ ಮಾಡಿದಾಗ ಗೊತ್ತಾಯಿತು: ಅವ್ವನ ಬಿಪಿ ಮಾತ್ರೆ ಮುಗಿದು ಹದಿನೈದು ದಿನ ಆಗಿತ್ತು. ಕೆ. ಎಂ. ದೊಡ್ಡಿಯ ಮೆಡಿಕಲ್‌ನಿಂದ ತಂದುಕೊಡು ಅಂತ ನನಗೆ ಹೇಳಿರಲಿಲ್ಲ. “ಮೊದ್ಲೇ ಅವನಿಗೆ ಅಷ್ಟು ಖರ್ಚು ಮಾಡಿಸಿವ್ನಿ” ಅಂದಳಂತೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇಲಿನ ಸಂಖ್ಯೆ 170 ದಾಟಿತ್ತು. ಮಾತ್ರೆ ಮತ್ತೆ ಶುರುವಾಗಿ, ಬಿಪಿ ಹತೋಟಿಗೆ ಬರಲು ಮೂರು ವಾರ ಬೇಕಾಯಿತು.

ಅವ್ವನಿಗೆ ಧೈರ್ಯ ಹೇಳಿ ಪ್ರಯೋಜನವಿರಲಿಲ್ಲ. ಭಯ ಇದ್ದದ್ದು ಬೆಲೆಯದ್ದು. ಹಾಗಾಗಿ ಬೆಲೆಯನ್ನೇ ಇಳಿಸಿದೆ. ಮದ್ದೂರಿನಿಂದ 550 ರೂಪಾಯಿಗೆ ಒಂದು ಸಾದಾ ಯುಎಸ್‌ಬಿ ಕೀಬೋರ್ಡ್ ತಂದೆ. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಹಾಕಿ ಗೋಡೆ ಕಡೆ ಎತ್ತರಕ್ಕೆ ಸರಿಸಿದೆ. ಈಗ ಲೋಟ ಉರುಳಿದರೆ ಬೀಳೋದು ಅಗ್ಗದ ಕೀಬೋರ್ಡಿನ ಮೇಲೆ. ಅವ್ವನನ್ನು ಕರೆದು ತೋರಿಸಿ ಬೆಲೆ ಹೇಳಿದೆ.

“ಇಷ್ಟೇಯಾ? ಒಂದು ಕೆಜಿ ಮಟನ್‌ಗೂ ಬರಲ್ವಲ್ಲೋ!” ಅಂತ ನಕ್ಕಳು. ಮರುದಿನ ಸ್ಟೂಲು ಅಡುಗೆಮನೆಗೆ ವಾಪಸ್ ಹೋಯಿತು.

ಮನೆಯಿಂದ ಕೆಲಸ ಮಾಡುವವರು ಈ ವ್ಯವಸ್ಥೆಯನ್ನು ಒಮ್ಮೆ ಯೋಚಿಸಿ. ಕತ್ತೆತ್ತಿ ನೋಡುವ ಹಾಗಿರೋದರಿಂದ ಕುತ್ತಿಗೆಗೂ ಒಳ್ಳೆಯದು. ಹಾಗಿದ್ದೂ ಲ್ಯಾಪ್‌ಟಾಪ್ ಮೇಲೇ ಚೆಲ್ಲಿದರೆ ಮೊದಲು ಕರೆಂಟ್ ಕಡಿಯಿರಿ, ಒರೆಸೋದು ಆಮೇಲೆ. ಒದ್ದೆಯಿರುವಾಗ ವಿದ್ಯುತ್ ಹರಿದರೆ ತಾಮ್ರ ಬೇಗ ಸವೆಯುತ್ತದೆ. ‘ಆನ್ ಆಗುತ್ತಾ ನೋಡೋಣ’ ಅನ್ನೋ ಆಸೆ ಬೇಡ. ಅಕ್ಕಿ ಡಬ್ಬದಲ್ಲಿ ಹೂತಿಡಬೇಡಿ; ಅಕ್ಕಿ ಒಳಗಿನ ನೀರು ಹೀರಲ್ಲ, ತನ್ನ ಪುಡಿಯನ್ನೇ ಒಳಗೆ ಬಿಡುತ್ತದೆ. ಹೇರ್ ಡ್ರೈಯರ್ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಅಂಗಡಿಯಲ್ಲಿ ಚೆಲ್ಲಿದ್ದು ಏನು ಅಂತ ನಾಚಿಕೊಳ್ಳದೆ ಹೇಳಿ. ನೀರಿಗೂ ಮಜ್ಜಿಗೆಗೂ ಅವರು ಮಾಡುವ ಕೆಲಸ ಬೇರೆ. ಹೊಸದು ಕೊಳ್ಳುವಾಗ ಕೀಬೋರ್ಡ್ ಒಂದನ್ನೇ ಬದಲಿಸಲು ಆಗುತ್ತದಾ, ಚೆಲ್ಲಿದ ನೀರು ಹೊರಹೋಗಲು ದಾರಿ ಇದೆಯಾ ಅಂತ ಕೇಳಿ. ಥಿಂಕ್‌ಪ್ಯಾಡ್‌ನಂಥ ಕೆಲವು ಮಾಡೆಲ್‌ಗಳಲ್ಲಿ ಅಂಥ ತೂತುಗಳಿವೆ.

ಕಳೆದ ತಿಂಗಳು 550 ರೂಪಾಯಿಯ ಕೀಬೋರ್ಡ್ ಮೇಲೂ ಕಾಫಿ ಬಿತ್ತು. ವೈರ್ ಕಿತ್ತು, ಒರೆಸಿ, ಎರಡು ದಿನ ನೆರಳಲ್ಲಿ ಒಣಗಿಸಿದೆ. ಸ್ಪೇಸ್ ಬಾರ್ ಸ್ವಲ್ಪ ಬಿಗಿ ಅನ್ನೋದು ಬಿಟ್ಟರೆ ನಡೀತಿದೆ. ಅವ್ವ ಆ ಲೋಟ ಎತ್ತಿಕೊಂಡು ಹೋಗಿ ಇನ್ನೊಂದು ತಂದಳು. ಕುಡಿಯುವವರೆಗೂ ಪಕ್ಕದಲ್ಲೇ ನಿಂತು, ಸೊಸೈಟಿಯಲ್ಲಿ ಗೊಬ್ಬರ ಬಂದಿಲ್ಲ ಅಂದಳು, ಮಂಡಿ ನೋವು ಪರವಾಗಿಲ್ಲ ಅಂದಳು, ಬಿಪಿ ಮಾತ್ರೆ ಇನ್ನು 11 ಉಳಿದವೆ ಅಂದಳು.