ಪೇಟಿ ಮಾಸ್ತರರ ಮನೆತನ

ನಮ್ಮ ಮನೆತನಕ್ಕೆ ಹೊಲ ಬರಲಿಲ್ಲ, ಪೇಟಿ ಬಂತು. ಹಾರ್ಮೋನಿಯಂ ಎಂದು ನಾವು ರಿಪೇರಿಯ ರಸೀದಿಯಲ್ಲಷ್ಟೇ ಓದಿದ್ದು. ಅಜ್ಜ ನಾಟಕ ಕಂಪನಿಯ ಹಿಂದೆ ಊರೂರು ತಿರುಗಿದವರು. ಹಾಡುವ ನಟಿ ಸುರ ಬಿಟ್ಟು ಜಾರಿದರೆ ತಾವೂ ಜೊತೆಗೆ ಜಾರಿ, ಯಾರಿಗೂ ತಿಳಿಯದ ಹಾಗೆ ಆಕೆಯನ್ನು ದಾರಿಗೆ ತರುವುದು ಅವರ ವಿದ್ಯೆ. ಒನ್ಸ್ ಮೋರ್ ಮಾತ್ರ ಆಕೆಗೆ.

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಮತ್ತೆ ತೆರೆಯಲು 1971 ಬರಬೇಕಾಯಿತು. ಪರದೇಶಿ ವಾದ್ಯ, ಸುರದಿಂದ ಸುರಕ್ಕೆ ಜಾರುವ ಮೀಂಡ್ ಬಾರದು ಎಂಬ ದೂರು. ಮೀಂಡ್ ಬಾರದೆಂಬುದು ನಿಜವೇ. ಆದರೆ 1950ರಲ್ಲಿ ಧಾರವಾಡಕ್ಕೇ ನಿಲಯ ಬಂದು ಅನುಕೂಲಸ್ಥರೆಲ್ಲ ರೇಡಿಯೊ ತಂದಾಗ ಅಜ್ಜ ಅಂದದ್ದು ಇಷ್ಟು: “ನಮ್ಮ ಪೆಟಗಿ ಒಳಗ ಬಿಡದವ್ರ ಪೆಟಗಿ ನಮ್ಮ ಮನ್ಯಾಗ ಯಾಕ?”

ಅಪ್ಪ ಕನ್ನಡ ಶಾಲೆಯ ಮಾಸ್ತರರಾದರು. ನಾನು ಈಗ ಅಂಥದೇ ಶಾಲೆಯ ಹೆಡ್‌ಮಾಸ್ತರ. “ಮನೆತನದ ಕಲೆ ನೌಕರಿಯೊಳಗ ಮುಳುಗಿತಲ್ಲ” ಎಂದು ಮರುಗುವವರಿದ್ದಾರೆ. ಧಾರವಾಡದಲ್ಲಿ ಕೂತು ಈ ಮಾತು ಆಡಬಾರದು. ಸಿತಾರರತ್ನ ರಹಿಮತ್ ಖಾನ್ ಇಲ್ಲಿ ನೆಲೆಸಿ ಕಛೇರಿಯಷ್ಟೇ ಮಾಡಲಿಲ್ಲ, ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದರು. ಅವರ ಮೊಮ್ಮಕ್ಕಳಲ್ಲಿ ಬಾಲೇಖಾನ್ ಆಕಾಶವಾಣಿಯಲ್ಲಿ ನುಡಿಸಿದರು, ಹಮೀದ್ ಖಾನ್ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಕಲಿಸಿದರು. ಈ ಊರಿಗೆ ಕಿವಿ ಮೂಡಿದ್ದು ಅಹೋರಾತ್ರಿ ಬೈಠಕ್ಕುಗಳಿಂದ ಎನ್ನುತ್ತಾರೆ. ಸಂಜೆ ಹೊತ್ತು ಸರಿಗಮ ತಿದ್ದಿಸಿದ ಕೋಣೆಗಳಿಂದ ಎಂದು ನನ್ನ ಪಕ್ಷ.

ಹೆಡ್‌ಮಾಸ್ತರಿಕೆಯ ವೈಭವ ಹೇಳಿ ನಿಮಗೆ ಬೇಸರ ತರುವುದಿಲ್ಲ. ತತ್ತಿ ಎಷ್ಟು, ಬಾಳೆಹಣ್ಣು ಎಷ್ಟು, ಬಿಸಿಯೂಟದ ಅಕ್ಕಿ ಎಷ್ಟು ಉಳಿಯಿತು ಎಂದು ಬರೆಯುವುದರಲ್ಲೇ ಹೊತ್ತು ಮುಳುಗುತ್ತದೆ. ನನ್ನದೆನ್ನುವ ಹೊತ್ತು ಬೆಳಗಿನ ಪ್ರಾರ್ಥನೆ ಒಂದೇ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಆದೇಶ ಒಳ್ಳೆಯದೇ, ಅದಕ್ಕೂ ಮೊದಲು ಶಾಲೆಗೊಂದು ಧಾಟಿ, ಧಾಟಿಗೊಂದು ಜಗಳ. ಆದರೆ ಕಾಳಿ ಎರಡರಲ್ಲಿ, ಎಂದರೆ ಪೇಟಿಯ ಎರಡನೆಯ ಕಪ್ಪು ಮನೆಯಲ್ಲಿ, ಹಾಡು ಎತ್ತಿಕೊಟ್ಟರೆ ಮೊದಲ ಚರಣ ಮುಗಿಯುವಷ್ಟರಲ್ಲಿ ಮಕ್ಕಳು ಹುರುಪಿನಿಂದ ಮುಂದಿನ ಬಿಳಿ ಮನೆಯ ಹತ್ತಿರ ಹೋಗಿರುತ್ತಾರೆ. ಇದಕ್ಕೆ ಆದೇಶದಲ್ಲಿ ಉಪಾಯವಿಲ್ಲ. ಅಜ್ಜನ ಉಪಾಯವೇ ಗತಿ: ಪಲ್ಲವಿಗೆ ಬರುವ ಮುಂಚೆ ನಾನೇ ಸದ್ದಿಲ್ಲದೆ ಒಂದು ಮನೆ ಏರುತ್ತೇನೆ. ಮಕ್ಕಳು ತಾವು ಸರಿಯಾಗಿ ಹಾಡಿದೆವೆಂದುಕೊಂಡು ಸಾಲಾಗಿ ವರ್ಗಕ್ಕೆ ಹೋಗುತ್ತಾರೆ. ನನಗೆ ಅದೇ ಕಛೇರಿ.

ಮಳೆಗಾಲದಲ್ಲಿ ನಮ್ಮ ಕಡೆಯ ಜಿಟಿಜಿಟಿಗೆ ಪೇಟಿ ಮುನಿಯುತ್ತದೆ. ಒತ್ತಿದ ಮನೆ ಮೇಲೇಳದೆ ಕೂಗುತ್ತಲೇ ಇರುತ್ತದೆ. ಆಗ ಅದಕ್ಕೆ ಶಾಲು ಹೊದಿಸಿ ಆಫೀಸಿನ ಬೆಚ್ಚಗಿನ ಮೂಲೆಯಲ್ಲಿ ಇಡುತ್ತೇನೆ. ಊಟದ ಬಿಡುವಿನಲ್ಲಿ ಮಕ್ಕಳು ಬಾಗಿಲಲ್ಲಿ ಇಣುಕಿ, “ಸರ್, ಇವತ್ತು ತಿದಿ ಒತ್ತೋ ಪಾಳಿ ನಂದ್ರಿ” ಎಂದು ಜಗಳಾಡುತ್ತಾರೆ. ಒಬ್ಬ ತಿದಿ ಒತ್ತಬೇಕು, ಇನ್ನೊಬ್ಬಳು ಮನೆ ಒತ್ತಬೇಕು. ಗಾಳಿ ನಿಲ್ಲಿಸಿದರೆ ಸುರವಿಲ್ಲ, ಆದ್ದರಿಂದ ಜಗಳವೂ ಬಹಳ ಹೊತ್ತು ನಡೆಯುವುದಿಲ್ಲ. ಅಕ್ಕಿಯ ಲೆಕ್ಕ ಅಷ್ಟರಲ್ಲಿ ತಪ್ಪಿರುತ್ತದೆ, ಮತ್ತೆ ಕೂಡಿಸಿದರಾಯಿತು.

ನನ್ನ ನಿವೃತ್ತಿಯ ನಂತರ ಬರುವವರಿಗೆ ಪೇಟಿ ಬರುತ್ತದೋ ಇಲ್ಲವೋ. ವೇಳಾಪತ್ರಿಕೆಯಲ್ಲಿ ಸಂಗೀತಕ್ಕೊಂದು ಮನೆ ಇದೆ, ಕಲಿಸುವ ಮಾಸ್ತರರು ಎಷ್ಟೋ ಶಾಲೆಗಳಲ್ಲಿ ಇಲ್ಲ. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಪೇಟಿಯೊಂದು ಇದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ. ಕೊಡುವ ಮುಂಚೆ ದಯವಿಟ್ಟು ತಿದಿ ರಿಪೇರಿ ಮಾಡಿಸಿ.